ಹಿರಿಯರು ತಮ್ಮ ಮನೆಯಲ್ಲೇ ಬಾಳಲು ನೆರೆಹೊರೆಯವರು ಕಲಿಯಬೇಕಾದ ಐದು ಪಾಠಗಳು

ಶಿರಾ ತಾಲ್ಲೂಕಿನ ತಾವರೆಕೆರೆ ಸುತ್ತಿನ ತೋಟದ ಮನೆಗಳನ್ನು ಮನಸ್ಸಿನಲ್ಲೇ ಒಮ್ಮೆ ಎಣಿಸಿ ನೋಡಿ. ಎಷ್ಟು ಮನೆಗಳಲ್ಲಿ ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇದ್ದಾರೆ? ಎಷ್ಟು ಮನೆಗಳಲ್ಲಿ ಒಬ್ಬರೇ ಉಳಿದಿದ್ದಾರೆ? ಓದಿದ ಮಕ್ಕಳು ತುಮಕೂರು, ಬೆಂಗಳೂರು ಸೇರಿದರು. ಕೊಳವೆಬಾವಿ ಬತ್ತಿದ ಮನೆಗಳಿಂದ ಓದದವರೂ ಹೊರಟರು. ತೋಟ, ದನ ಮತ್ತು ಮನೆಯ ಬೀಗದ ಕೈ ಹಿರಿಯರ ಪಾಲಿಗೆ ಉಳಿದವು. ಮಲೆನಾಡಿನ ಕಾಫಿ ಸೀಮೆಯ ಸದಸ್ಯರಿಗೂ ಇದು ಹೊಸ ಸಂಗತಿಯಲ್ಲ. ಅಲ್ಲಿ ಮನೆಯಿಂದ ಮನೆಗೆ ದೂರ ಇನ್ನೂ ಹೆಚ್ಚು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪ್ರತಿ ನೂರು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದವರು. ಅಂದಿನಿಂದ ಈ ಪ್ರಮಾಣ ಏರುತ್ತಲೇ ಇದೆ. ಇವರಲ್ಲಿ ಬಹುಪಾಲು ಹಿರಿಯರ ಆಸೆ ಒಂದೇ: ನೆಟ್ಟ ಗಿಡ ಕಣ್ಣೆದುರಿಗಿರಬೇಕು, ಕೊನೆಯವರೆಗೂ ತಮ್ಮ ಮನೆಯಲ್ಲೇ ಇರಬೇಕು. ಮಕ್ಕಳು ಕರೆದರೂ ನಗರದ ಮೂರನೆಯ ಮಹಡಿಯಲ್ಲಿ ಹದಿನೈದು ದಿನ ಕಳೆಯುವುದು ಅವರಿಗೆ ಕಷ್ಟ.

ಈ ಆಸೆ ಈಡೇರುವುದು ಹೇಗೆ? ಮಕ್ಕಳು ಕಳಿಸುವ ಹಣ ಬೇಕು, ನಿಜ. ಆದರೆ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಾಗ ಮೊದಲು ಓಡಿ ಬರುವವರು ಪಕ್ಕದ ಮನೆಯವರು. ಅವರಿಗೆ ಮನಸ್ಸಿದೆ, ಕಾಲು ಕೈ ಗಟ್ಟಿಯಿದೆ. ಎಷ್ಟೋ ಸಲ ಇಲ್ಲದಿರುವುದು ತಿಳಿವಳಿಕೆ. ಅದನ್ನು ಕಲಿಯಬಹುದು, ಕಲಿಸಬಹುದು.

ಬೇರೆ ಕಡೆ ಹೇಗೆ ಕಲಿತರು?

1978ರ ಅಕ್ಟೋಬರ್ 2ರಂದು ದೇಶದಲ್ಲಿ ವಯಸ್ಕರ ಶಿಕ್ಷಣ ಕಾರ್ಯಕ್ರಮ ಆರಂಭವಾದಾಗ ನಮ್ಮ ಹಳ್ಳಿಗಳಲ್ಲಿ ರಾತ್ರಿ ಶಾಲೆಗಳು ನಡೆದವು. ಅಂದು ಕಲಿತದ್ದು ಅಕ್ಷರ. ಈಗ ಬೇಕಾಗಿರುವುದು ಬೇರೆ ಪಾಠ, ಆದರೆ ವಿಧಾನ ಅದೇ: ಊರಿನವರು ಊರಲ್ಲೇ ಕೂತು ಕಲಿಯುವುದು.

ಜಪಾನ್ ದೇಶದಲ್ಲಿ 2005ರಿಂದ ಇಂಥ ಒಂದು ಕೆಲಸ ನಡೆದಿದೆ. ಅಂಗಡಿಯವರು, ಬ್ಯಾಂಕ್ ನೌಕರರು, ಶಾಲಾ ಮಕ್ಕಳು ಹೀಗೆ ಯಾರು ಬೇಕಾದರೂ ಸುಮಾರು ಒಂದೂವರೆ ಗಂಟೆಯ ಪಾಠ ಕೇಳಿ, ಮರೆವಿನ ಕಾಯಿಲೆಯ ಹಿರಿಯರೊಡನೆ ಹೇಗೆ ನಡೆದುಕೊಳ್ಳಬೇಕೆಂದು ತಿಳಿಯುತ್ತಾರೆ. ಹೀಗೆ ಕಲಿತವರ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅಷ್ಟು ದೂರ ಹೋಗುವುದೇಕೆ? ನೆರೆಯ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯರು ನೋವು ಶಮನ ಸೇವೆಯ ಸಂಘ ಕಟ್ಟಿದರು. ಮುಂದೆ ಮಲಪ್ಪುರಂ ಮುಂತಾದ ಜಿಲ್ಲೆಗಳಲ್ಲಿ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ಸರದಿಯ ಮೇಲೆ ಹೋಗತೊಡಗಿದರು. ಅವರು ವೈದ್ಯರಲ್ಲ. ಏನು ನೋಡಬೇಕು, ಯಾವಾಗ ವೈದ್ಯರನ್ನು ಕರೆಯಬೇಕು ಎಂಬುದನ್ನು ಕಲಿತವರು. ನಮಗೂ ಅಷ್ಟು ಸಾಕು.

ಮೊದಲನೆಯ ಪಾಠ: ಬೀಳದಂತೆ ನೋಡಿಕೊಳ್ಳುವುದು

ಹಿರಿಯರು ಮನೆ ಬಿಡಬೇಕಾಗಿ ಬರುವುದಕ್ಕೆ ದೊಡ್ಡ ಕಾರಣ ಬಿದ್ದು ಸೊಂಟದ ಮೂಳೆ ಮುರಿಯುವುದು. ನಮ್ಮ ಮನೆಗಳಲ್ಲಿ ಬೀಳುವ ಜಾಗಗಳು ಎಲ್ಲರಿಗೂ ಗೊತ್ತು: ಪಾಚಿ ಕಟ್ಟಿದ ಬಚ್ಚಲು, ಎತ್ತರದ ಹೊಸಿಲು, ಕತ್ತಲ ಹಿತ್ತಲು, ಕಣದ ಅಂಚು. ತೋಟದಲ್ಲಿ ಒದ್ದೆಯಾಗಿ ಬಿದ್ದ ಅಡಿಕೆ ಹಾಳೆಯ ಮೇಲೆ ಕಾಲಿಟ್ಟರೆ ಜಾರುವುದು ಖಂಡಿತ. ಹನಿ ನೀರಾವರಿಯ ಪೈಪು ಕಾಲಿಗೆ ತೊಡರುತ್ತದೆ.

ಖರ್ಚಿಲ್ಲದ ಪರಿಹಾರಗಳು ಹಲವು. ಹೊಸಿಲಿನ ಮತ್ತು ಮೆಟ್ಟಿಲಿನ ಅಂಚಿಗೆ ಬಿಳಿ ಸುಣ್ಣ ಬಳಿಯಿರಿ; ಮಂದ ಕಣ್ಣಿಗೂ ಕಾಣುತ್ತದೆ. ಬಚ್ಚಲಿನ ಕಲ್ಲನ್ನು ವಾರಕ್ಕೊಮ್ಮೆ ಉಜ್ಜಿ. ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಕಂಬಿ ಹಾಕಿಸಿ. ಬಚ್ಚಲಿನ ಅಗುಳಿ ಹೊರಗಿನಿಂದಲೂ ತೆಗೆಯುವಂತಿರಲಿ. ಮಣೆಯ ಬದಲು ಎತ್ತರದ ಸ್ಟೂಲ್ ಇಡಿ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಎದ್ದಕೂಡಲೆ ನಡೆಯದೆ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು. ಕಣ್ಣಿನ ಪೊರೆಯಿದ್ದರೆ ಶಸ್ತ್ರಚಿಕಿತ್ಸೆ ಮಾಡಿಸುವುದು ಬೀಳದಿರುವುದಕ್ಕೂ ಒಂದು ಉಪಾಯ.

ಇನ್ನೊಂದು ಮುಖ್ಯ ಸಂಗತಿ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ, ಸ್ಟಾರ್ಟರ್ ಒತ್ತಲು ಎಪ್ಪತ್ತರ ಅಜ್ಜ ಟಾರ್ಚ್ ಹಿಡಿದು ತೋಟಕ್ಕೆ ಹೋಗುತ್ತಾರೆ. ಹಾವು, ಗುಂಡಿ, ಒದ್ದೆ ಕೈಗೆ ಕರೆಂಟು, ಎಲ್ಲದರ ಅಪಾಯವೂ ಆಗ ಒಟ್ಟಿಗೆ ಇರುತ್ತದೆ. ಪಕ್ಕದ ತೋಟದ ಯುವಕರು ತಮ್ಮ ಮೋಟಾರಿಗೆ ಹೋಗುವಾಗ ಇವರದನ್ನೂ ಒತ್ತಿ ಬಂದರೆ ಅದಕ್ಕಿಂತ ದೊಡ್ಡ ಸೇವೆಯಿಲ್ಲ.

ಬಿದ್ದವರನ್ನು ಕೂಡಲೆ ಎತ್ತಿ ನಿಲ್ಲಿಸಬೇಡಿ. ಸೊಂಟ ಅಥವಾ ತೊಡೆ ನೋವೆಂದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಮೂಳೆ ಮುರಿದಿದೆಯೆಂದೇ ತಿಳಿದು 108ಕ್ಕೆ ಫೋನ್ ಮಾಡಿ. ಸೊಂಟದ ಮೂಳೆ ಮುರಿತಕ್ಕೆ ನಾಟಿ ಕಟ್ಟು ಕಟ್ಟಿಸಿ ತಿಂಗಳುಗಟ್ಟಲೆ ಮಲಗಿಸಿದರೆ ಬೆನ್ನು ಹುಣ್ಣಾಗಿ ಜೀವಕ್ಕೇ ಅಪಾಯ. ಬೇಗ ಶಸ್ತ್ರಚಿಕಿತ್ಸೆಯಾದರೆ ಎಷ್ಟೋ ಮಂದಿ ಮತ್ತೆ ನಡೆಯುತ್ತಾರೆ.

ಎರಡನೆಯ ಪಾಠ: ಕುಡಿಯುವ ನೀರು

ಇದು ನಮ್ಮ ಸೀಮೆಗೇ ವಿಶೇಷವಾದ ಪಾಠ. ಪಾವಗಡ, ಶಿರಾ, ಮಧುಗಿರಿ ಭಾಗದ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಾಗ 1.5 ಮಿಲಿಗ್ರಾಂವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ವರ್ಷಗಟ್ಟಲೆ ಇದಕ್ಕಿಂತ ಹೆಚ್ಚು ಸೇರಿದ ನೀರು ಕುಡಿದವರಿಗೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ, ಕತ್ತು ತಿರುಗಿಸುವುದು ಕಷ್ಟವಾಗುತ್ತದೆ. ನಾವು "ವಯಸ್ಸಾಯಿತು" ಎಂದು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ವಯಸ್ಸಿನ ಕೆಲಸವಲ್ಲ, ನೀರಿನ ಕೆಲಸ.

ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅಂಶ ಇನ್ನೂ ಗಟ್ಟಿಯಾಗುತ್ತದೆ. ಆದ್ದರಿಂದ ತೋಟದ ಕೊಳವೆಬಾವಿಯ ನೀರನ್ನು ಕುಡಿಯುವವರು ಅದನ್ನು ಪರೀಕ್ಷೆ ಮಾಡಿಸಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುವುದು ಹಿರಿಯರಿಗೆ ಆಗದ ಮಾತು. ದಿನ ಬಿಟ್ಟು ದಿನ ಬೈಕಿನಲ್ಲಿ ಹೋಗುವವರು ಅವರ ಕ್ಯಾನನ್ನೂ ತುಂಬಿ ತರಲಿ. ಅಡುಗೆಗೂ ಅದೇ ನೀರು ಬಳಸಬೇಕು. ಸೂಕ್ತವಾಗಿ ಹಾಕಿಸಿದ ಮಳೆನೀರಿನ ತೊಟ್ಟಿಯೂ ಒಳ್ಳೆಯ ದಾರಿ.

ಮೂರನೆಯ ಪಾಠ: ಮಾತ್ರೆ ಮತ್ತು ಅಪಾಯದ ಚಿಹ್ನೆ

ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಯನ್ನು "ಈಗ ಹುಷಾರಾಗಿದ್ದೀನಿ" ಎಂದು ಬಿಡುವುದು ನಮ್ಮಲ್ಲಿ ಸಾಮಾನ್ಯ. ಹುಷಾರಾಗಿರುವುದು ಮಾತ್ರೆಯಿಂದಲೇ. ಓದಲು ಬಾರದವರಿಗೆ ಬೆಳಗಿನ ಮಾತ್ರೆಯ ಡಬ್ಬಿಗೆ ಸೂರ್ಯನ ಚಿತ್ರ, ರಾತ್ರಿಯದಕ್ಕೆ ಚಂದ್ರನ ಚಿತ್ರ ಅಂಟಿಸಿ. ಸಕ್ಕರೆ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಬೆವರಿ, ತಲೆ ತಿರುಗಿ, ಪ್ರಜ್ಞೆ ತಪ್ಪಬಹುದು. ಎಚ್ಚರವಿದ್ದರೆ ಕೂಡಲೆ ಸಕ್ಕರೆ ನೀರು ಕೊಡಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು.

ಪಾರ್ಶ್ವವಾಯುವಿನ ಗುರುತು ಮೂರು: ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಮೂರರಲ್ಲಿ ಒಂದು ಕಂಡರೂ ಎಷ್ಟು ಗಂಟೆಗೆ ಕಂಡಿತೆಂದು ಬರೆದಿಟ್ಟು 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಸಾಜು, ಪಾರಿವಾಳದ ರಕ್ತ ಎಂದು ಕಾಲ ಕಳೆದರೆ ಆ ಅವಕಾಶ ತಪ್ಪುತ್ತದೆ.

ಅಡಿಕೆ ಬೆಳೆಗಾರರಾದ ನಾವು ಇನ್ನೊಂದು ಮಾತನ್ನು ಮುಚ್ಚಿಡಬಾರದು. ಅಡಿಕೆ, ಹೊಗೆಸೊಪ್ಪು ಹಾಕುವ ಹಿರಿಯರ ಬಾಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ ಇದ್ದರೆ ವೈದ್ಯರಿಗೆ ತೋರಿಸಲೇಬೇಕು.

ನಾಲ್ಕನೆಯ ಪಾಠ: ಮರೆವು

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆ ನಮ್ಮಲ್ಲಿದೆ. ಆದರೆ ಎಲ್ಲ ಮರೆವೂ ವಯಸ್ಸಿನ ಮರೆವಲ್ಲ. ಕನ್ನಡಕ ಎಲ್ಲಿಟ್ಟೆನೆಂದು ಮರೆಯುವುದು ಬೇರೆ, ನಲವತ್ತು ವರ್ಷ ನಡೆದ ತೋಟದ ದಾರಿ ತಪ್ಪುವುದು ಬೇರೆ. ಊಟ ಮಾಡಿದ್ದನ್ನೇ ಮರೆಯುವುದು, ಸಂಜೆಯಾದರೆ ಗಾಬರಿ, ಸುಮ್ಮನೆ ಅನುಮಾನ, ಇವು ಕಾಯಿಲೆಯ ಲಕ್ಷಣವಿರಬಹುದು. ಇಂಥವರೊಡನೆ ವಾದ ಮಾಡಬೇಡಿ, ನಗಬೇಡಿ, ಗಾಳಿ ಸೋಕಿದೆಯೆಂದು ಕಟ್ಟಿಹಾಕಬೇಡಿ. ಹೆಸರು ಹೇಳಿ, ನಿಧಾನವಾಗಿ ಒಂದೊಂದೇ ಮಾತಾಡಿ. ಬಾವಿಗೆ ಜಾಲರಿ ಹಾಕಿಸಿ, ಔಷಧಿ ಸಿಂಪಡಿಸುವ ವಿಷಕ್ಕೆ ಬೀಗ ಹಾಕಿ. ವೈದ್ಯರಿಗೆ ತೋರಿಸುವುದು ಅಗತ್ಯ; ಥೈರಾಯ್ಡ್ ದೋಷ, ಬಿ 12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆಯಿಂದ ಬಂದ ಮರೆವು ಚಿಕಿತ್ಸೆಗೆ ಬಗ್ಗುತ್ತದೆ.

ಐದನೆಯ ಪಾಠ: ಕಾಗದ ಪತ್ರ

ಮನೆಯಲ್ಲೇ ಬಾಳಬೇಕಾದರೆ ಮನೆ ತಮ್ಮದಾಗಿರಬೇಕು. ಪ್ರೀತಿಯಿಂದ ದಾನಪತ್ರ ಬರೆದುಕೊಟ್ಟು, ಆಮೇಲೆ ತಮ್ಮದೇ ಜಗಲಿಯಲ್ಲಿ ಅನ್ನಕ್ಕೆ ಕಾಯುವ ಸ್ಥಿತಿ ಯಾರಿಗೂ ಬರಬಾರದು.

2007ರ ತಂದೆ ತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯ 23ನೆಯ ಕಲಮು ಇದಕ್ಕೆ ರಕ್ಷಣೆ ಕೊಡುತ್ತದೆ. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ಪ್ರಕರಣದಲ್ಲಿ ಮಗ ನೋಡಿಕೊಳ್ಳಲಿಲ್ಲವೆಂದು ದಾನಪತ್ರ ರದ್ದಾಗಿ ತಾಯಿಗೆ ಆಸ್ತಿ ಮರಳಿತು. ಹಿರಿಯರ ಹಿತಕ್ಕಾಗಿ ಮಾಡಿದ ಈ ಕಾಯಿದೆಯನ್ನು ಉದಾರವಾಗಿ ಓದಬೇಕೆಂದು ಕೋರ್ಟು ತಿಳಿಸಿತು. ಆದ್ದರಿಂದ ದಾನಪತ್ರ ಬರೆಯಲೇಬೇಕಾದರೆ, ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು ಎಂಬ ಸಾಲನ್ನು ಪತ್ರದಲ್ಲೇ ಬರೆಸಿ. ಅದಕ್ಕಿಂತ ಉಯಿಲು ಮೇಲು. ಅದು ಕಾಲಾನಂತರವೇ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳ ರುಜು ಅಗತ್ಯ.

ಇದೇ ಕಾಯಿದೆಯಂತೆ ಜೀವನಾಂಶ ಕೇಳುವ ಅರ್ಜಿಯನ್ನು ಉಪವಿಭಾಗಾಧಿಕಾರಿಗಳು ಅಧ್ಯಕ್ಷರಾಗಿರುವ ನ್ಯಾಯಮಂಡಳಿಗೆ ಕೊಡಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಮಕ್ಕಳಿಲ್ಲದವರು, ಮುಂದೆ ತಮ್ಮ ಆಸ್ತಿಗೆ ಬಾಧ್ಯರಾಗುವ ಸಂಬಂಧಿಕರಿಂದಲೂ ಕೇಳಬಹುದು. ಹಿರಿಯರ ಸಹಾಯವಾಣಿ 14567.

ಅರ್ಹರಾದ ಸಣ್ಣ ರೈತರಿಗೆ ಮತ್ತು ಕೂಲಿಕಾರರಿಗೆ 65 ವರ್ಷ ತುಂಬಿದ ಮೇಲೆ ಸಂಧ್ಯಾ ಸುರಕ್ಷಾ ವೇತನ ಉಂಟು. 2021ರಲ್ಲಿ ಅದು ತಿಂಗಳಿಗೆ 1,200 ರೂ. ಆಯಿತು. ಅರ್ಜಿ ನಾಡಕಚೇರಿಯಲ್ಲಿ. ಸಹಕಾರ ಸಂಘದ ಸದಸ್ಯರಿಗಾಗಿ 2022ರಲ್ಲಿ ಮತ್ತೆ ಜಾರಿಗೆ ತಂದ ಯಶಸ್ವಿನಿ ಯೋಜನೆಗೆ ಹೆಸರು ಬರೆಸುವಾಗ ಅಪ್ಪ ಅವ್ವನ ಹೆಸರು ಬಿಟ್ಟುಹೋಗದಂತೆ ನೋಡಿ. ಫೋನಿನಲ್ಲಿ ಬಂದ ಒ.ಟಿ.ಪಿ.ಯನ್ನು ಯಾರಿಗೂ ಹೇಳಬಾರದೆಂದು ಹಿರಿಯರಿಗೆ ಮತ್ತೆ ಮತ್ತೆ ತಿಳಿಸಿ. ಹಣ ಹೋದರೆ ಕೂಡಲೆ 1930ಕ್ಕೆ ಫೋನ್ ಮಾಡಿ.

ನಡೆಸುವುದು ಹೇಗೆ?

ಐದು ಪಾಠಕ್ಕೆ ಐದು ಸಂಜೆ ಸಾಕು. ಕೊಯ್ಲು ಮುಗಿದ ಮೇಲೆ, ಹಾಲಿನ ಡೈರಿಯ ಜಗಲಿಯಲ್ಲೋ ಶಾಲೆಯಲ್ಲೋ ಸೇರಬಹುದು. ಆರೋಗ್ಯದ ಪಾಠಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನೂ ಆಶಾ ಕಾರ್ಯಕರ್ತೆಯನ್ನೂ, ಕಾಯಿದೆಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯವರನ್ನೂ, ಸವಲತ್ತುಗಳಿಗೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಕರೆಯಿರಿ. ಹೆಣ್ಣುಮಕ್ಕಳು ಬರುವ ಹೊತ್ತು ನೋಡಿ ಸಮಯ ಇಡಿ. ಆರೈಕೆಯ ಭಾರ ಹೆಚ್ಚಾಗಿ ಅವರ ಮೇಲೆಯೇ ಇದೆ.

ಹಿರಿಯರನ್ನೂ ಕೂರಿಸಿಕೊಳ್ಳಿ. ಅವರ ವಿಷಯವನ್ನು ಅವರಿಲ್ಲದೆ ತೀರ್ಮಾನಿಸುವುದು ಸಲ್ಲದು. ಯಾರ ಕೈಯಲ್ಲಿ ಬೀಗದ ಕೈ ಇರಬೇಕು, ಯಾರಿಗೆ ಮೊದಲು ಫೋನ್ ಮಾಡಬೇಕು ಎಂಬುದನ್ನು ಅವರೇ ಹೇಳಲಿ. ಅವರಿಂದ ನಾವು ಪಡೆಯುವುದೂ ಉಂಟು. ಅಡಿಕೆ ಸುಲಿಯುವ ಹದ, ಸಸಿ ಆರಿಸುವ ಕಣ್ಣು, ಬರಗಾಲದಲ್ಲಿ ತೋಟ ಉಳಿಸಿದ ಅನುಭವ, ಇವನ್ನು ಕೇಳುವವರಿದ್ದರೆ ಅವರ ಮನಸ್ಸೂ ಗಟ್ಟಿಯಾಗಿರುತ್ತದೆ. "ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ" ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಊರು "ಇರಿ" ಎನ್ನುವಂತಾಗಬೇಕು.

ಪಾಠ ಶುರುವಾಗುವ ಮೊದಲೇ ಮಾಡಬಹುದಾದ ಕೆಲಸ ಒಂದಿದೆ. ಡೈರಿಗೆ ದಿನವೂ ಬೆಳಿಗ್ಗೆ ಹಾಲು ತರುವ ಹಿರಿಯರೊಬ್ಬರು ಒಂದು ದಿನ ಬರಲಿಲ್ಲವೆಂದರೆ, ಹಾಲು ಅಳೆಯುವವರು ಅದನ್ನು ಗಮನಿಸಿ ಆ ದಾರಿಯಲ್ಲಿ ಹೋಗುವವರಿಗೆ ಹೇಳಲಿ. ಅವರು ಬಾಗಿಲ ಬಳಿ ನಿಂತು ಒಮ್ಮೆ ಕೂಗಲಿ. ಹಾಲು ಹಾಕದವರ ಮನೆಗೆ ಪಕ್ಕದವರು ಬೆಳಿಗ್ಗೆ ಒಮ್ಮೆ ಇಣುಕಲಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ, ಯಾರ ಅಪ್ಪಣೆಯೂ ಬೇಡ. ಮುಂದಿನ ಸಭೆಯಲ್ಲಿ ಸದಸ್ಯರು ತಮ್ಮ ತಮ್ಮ ಊರಿನ ಒಂಟಿ ಹಿರಿಯರ ಪಟ್ಟಿ ಮಾಡಿಕೊಂಡು ಬಂದರೆ, ಐದು ಸಂಜೆಗಳನ್ನು ಅಲ್ಲೇ ಗೊತ್ತುಮಾಡಬಹುದು.