ಹಾರ್ಲಿಕ್ಸ್ ಬಾಟ್ಲಿಯ ಜೀರಿಗೆ

ಸಾಗರದ ಹತ್ತಿರ ತೋಟದ ಮನೆಯಲ್ಲಿರುವ ನನ್ನ ದೊಡ್ಡಮ್ಮ ‘ಹಾರ್ಲಿಕ್ಸ್ ತಗಂಬಾ’ ಅಂದರೆ ಜೀರಿಗೆ ತರಬೇಕು. ‘ಕಿಸಾನ್’ ಅಂದರೆ ಮೆಂತೆ. ‘ಬ್ರೂ’ ಅಂದರೆ ಹುಳಿಪುಡಿ. ಹೊಸದಾಗಿ ಬಂದ ಸೊಸೆ ಮೊದಲ ವಾರವೇ ಅದನ್ನು ಮಾವನ ಕಾಫಿಗೆ ಬೆರೆಸಿದ ಕಥೆಯನ್ನು ಊರಿನವರು ಇಂದಿಗೂ ಹೇಳಿ ನಗುತ್ತಾರೆ. ಒಳಗಿನದು ಬದಲಾದರೂ ಬಾಟ್ಲಿಗೆ ಹುಟ್ಟುಹೆಸರೇ ಖಾಯಂ.

ಹೋದ ತಿಂಗಳು ಅವರ ಅಡುಗೆಮನೆಯ ನಾಗಂದಿಗೆಯ ಮೇಲೆ ಎಣಿಸಿದೆ, ನಲವತ್ತಮೂರು ಗಾಜಿನ ಬಾಟ್ಲಿ. ಒಂದನ್ನೂ ಬಾಟ್ಲಿಗಾಗಿ ಕೊಂಡದ್ದಲ್ಲ. ಆಗೆಲ್ಲ ಹಾರ್ಲಿಕ್ಸ್ ಮನೆಗೆ ಬರುತ್ತಿದ್ದದ್ದು ಯಾರಾದರೂ ಮಲಗಿದರೆ ಮಾತ್ರ. ಹಾಗಾಗಿ ದೊಡ್ಡಮ್ಮನಿಗೆ ಬಾಟ್ಲಿಗಳೇ ಮನೆತನದ ಇತಿಹಾಸ. ‘ಇದು ದೊಡ್ಡ ಮಾಣಿ ಟೈಫಾಯ್ಡಿಂದು. ಅದು ನನ್ನ ಎರಡನೇ ಬಾಣಂತನದ್ದು. ಅದರ ಪಕ್ಕದ್ದು ಅತ್ತೆಯವರ ಕೊನೆಗಾಲದ್ದು, ಅರ್ಧ ಹಾಗೇ ಉಳಿದಿತ್ತು.’ ಆ ಕೊನೆಯದರಲ್ಲಿ ಈಗ ಎಳ್ಳಿದೆ.

ಪುಸ್ತಕದ ಇತಿಹಾಸವೂ ಒಂದಿಷ್ಟಿದೆ. ಗಾಜಿನ ಬಾಟ್ಲಿಯಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಕುದಿಸಿ ಕೆಡದಂತೆ ಇಡುವ ಉಪಾಯಕ್ಕೆ ಫ್ರಾನ್ಸಿನ ನಿಕೊಲಾ ಆಪೆರ್ ಅಲ್ಲಿನ ಸರ್ಕಾರದಿಂದ 12,000 ಫ್ರಾಂಕ್ ಪಡೆದು, 1810ರಲ್ಲಿ ಅದನ್ನು ಪುಸ್ತಕ ಮಾಡಿದ. ತಿರುಗಿಸಿ ಮುಚ್ಚುವ ಜಾಡಿಗೆ ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ 1858ರಲ್ಲಿ ಪೇಟೆಂಟ್ ಪಡೆದ. ದೊಡ್ಡಮ್ಮನಿಗೆ ಇವರ್‍ಯಾರೂ ಗೊತ್ತಿಲ್ಲ. ಅವರ ಪ್ರಕಾರ ಮೊದಲು ಭರಣಿ ಇತ್ತು, ಆಮೇಲೆ ಬಾಟ್ಲಿ ಬಂತು. ಅಷ್ಟೇ.

ನಾನು ಹೋದದ್ದು ಅವರು ಬಾಟ್ಲಿಗೆ ಹೊಗೆ ಹಾಕುವುದನ್ನು ನೋಡಲು. ಲೇಬಲ್ಲನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಸುಲಿಯುತ್ತಾರೆ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ, ಅಡುಗೆ ಸೋಡ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೆಂಗಿನ ನಾರಿನಿಂದ ತಿಕ್ಕುತ್ತಾರೆ. ಆಮೇಲೆ ಅಂಗಳದಲ್ಲಿ ಎರಡು ಬಿಸಿಲು. ಒಳಗೆ ಹನಿ ನೀರಿದ್ದರೂ ಉಪ್ಪಿನಕಾಯಿಗೆ ಬೂಸಲು ಖಚಿತ. ಮೂರನೇ ದಿನ ಒಲೆಯಿಂದ ನಾಲ್ಕು ಕೆಂಡ ತೆಗೆದು ಕರಟದಲ್ಲಿಟ್ಟು, ಕಡಲೆಕಾಳಿನಷ್ಟು ಗಟ್ಟಿ ಇಂಗು ಉದುರಿಸಿದರು. ಹೊಗೆ ಎದ್ದ ಕೂಡಲೇ ಅದರ ಮೇಲೆ ಬಾಟ್ಲಿಯನ್ನು ಬೋರಲು ಹಿಡಿದರು, ಕೆಂಡಕ್ಕೆ ತಾಗದಂತೆ ಒಂದು ಗೇಣು ಮೇಲೆ. ಗಾಜಿನೊಳಗೆ ಮಂಜು ಕವಿದಂತೆ ಬಿಳಿ ಸುತ್ತಿತು. ಬಾಯಿಗೆ ಅಂಗೈ ಒತ್ತಿ ತಿರುಗಿಸಿಟ್ಟು, ಹೊಗೆ ಆರುವ ಮೊದಲೇ ಭರಣಿಯ ಮಿಡಿಯನ್ನು ದಿನದ ಖರ್ಚಿಗೆಂದು ಅದಕ್ಕೆ ಬಗ್ಗಿಸಿದರು. ತಗಡಿನ ಮುಚ್ಚಳವನ್ನು ಉಪ್ಪು, ಹುಳಿ ತಿಂದುಹಾಕುತ್ತವೆ, ಗಾಜನ್ನು ಏನೂ ಮಾಡಲಾರವು. ಆದ್ದರಿಂದ ಉಪ್ಪಿನಕಾಯಿ ಬಾಟ್ಲಿಗೆ ಮುಚ್ಚಳವಿಲ್ಲ, ಬಿಳಿ ಬಟ್ಟೆ ಮತ್ತು ದಾರ.

ಇದನ್ನು ನೋಡಿಬಂದ ಹುರುಪಿನಲ್ಲಿ ನಾನೂ ಬೆಂಗಳೂರಿನಲ್ಲಿ ಒಂದು ಜಾಮ್ ಬಾಟ್ಲಿಗೆ ಕುದಿಯುವ ಉಪ್ಪುನೀರು ಸುರಿದೆ. ತಳ ಬಳೆಯಂತೆ ಕಳಚಿ ಬಿತ್ತು. ಒಳಮೈ ಕಾದು ಹಿಗ್ಗುವಷ್ಟರಲ್ಲಿ ಹೊರಮೈ ತಣ್ಣಗೇ ಇದ್ದರೆ ಸಾಮಾನ್ಯ ಗಾಜು ತಡೆಯದು. ಫೋನಿನಲ್ಲಿ ಹೇಳಿದರೆ ದೊಡ್ಡಮ್ಮ, ‘ಆರಿಸಿ ಹಾಕವು ಹೇಳಿ ನಿಂಗೆ ಗೊತ್ತಿಲ್ಯ?’ ಅಂದರು.

ಉಳಿದ ಬಾಟ್ಲಿಗಳೂ ಸುಮ್ಮನೆ ಕೂತಿಲ್ಲ. ಕೊಬ್ಬರಿ ಎಣ್ಣೆಗೆ ಅಗಲ ಬಾಯಿಯದೇ ಬೇಕು. ಮಲೆನಾಡಿನ ಚಳಿಗೆ ಅದು ಗಟ್ಟಿಯಾದಾಗ ಚಮಚ ಒಳಗೆ ಹೋಗಬೇಕಲ್ಲ. ಒಂದರಲ್ಲಿ ಗುಂಡಿ, ಪಿನ್ನು, ಊಕು. ಕಿಟಕಿಯಲ್ಲಿ ಮನಿಪ್ಲಾಂಟ್. ಮಗ ಮುಚ್ಚಳಗಳನ್ನು ಅಟ್ಟದ ಹಲಗೆಯ ಅಡಿಗೆ ಸ್ಕ್ರೂ ಹೊಡೆದು, ಮೊಳೆ ತುಂಬಿದ ಬಾಟ್ಲಿಗಳನ್ನು ಕೆಳಗಿನಿಂದ ತಿರುಗಿಸಿ ನೇತುಹಾಕಿದ್ದಾನೆ. ಮೂಲೆಯಲ್ಲೊಂದು ಚಿಮಣಿ ಬುಡ್ಡಿಯೂ ಇದೆ: ಶಾಯಿ ಬಾಟ್ಲಿಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಇಳಿಸಿದ್ದು. ಅದರ ಬೆಳಕಿನಲ್ಲಿ ಓದಿದವರು ಮನೆಯಲ್ಲಿ ಮೂವರಿದ್ದಾರೆ.

ಈಗ ಹಾರ್ಲಿಕ್ಸ್ ಪ್ಲಾಸ್ಟಿಕ್ ಡಬ್ಬಿಯಲ್ಲಿ, ರೀಫಿಲ್ ಪೊಟ್ಟಣದಲ್ಲಿ ಬರುತ್ತದೆ. ನಾಗಂದಿಗೆಗೆ ಹೊಸಬರು ಸೇರುವುದು ಅಪರೂಪ. ಈ ದೀಪಾವಳಿಗೆ ಸೊಸೆ ಪ್ರೀತಿಯಿಂದಲೇ ಇಪ್ಪತ್ತನಾಲ್ಕು ಡಬ್ಬಿಯ ಸೆಟ್ ತರಿಸಿದ್ದಾಳೆ. ಎಲ್ಲ ಒಂದೇ ಆಕಾರ, ಒಂದೇ ಎತ್ತರ, ಮೇಲೆ ಅಚ್ಚುಕಟ್ಟಾದ ಲೇಬಲ್. ನೋಡಲು ಚೆಂದವೇ. ಅರ್ಧ ಬಾಟ್ಲಿಗಳು ಅಟ್ಟ ಹತ್ತಿವೆ.

ನಾನು ಹೊರಡುವ ಸಂಜೆ ಕರೆಂಟ್ ಹೋಯಿತು. ಒಲೆಯ ಮೇಲೆ ಒಗ್ಗರಣೆಯ ಎಣ್ಣೆ ಕಾದಿತ್ತು. ದೊಡ್ಡಮ್ಮನ ಕೈ ಕತ್ತಲಲ್ಲೇ ರೂಢಿಯ ಜಾಗಕ್ಕೆ ಹೋಗಿ ಒಂದು ಡಬ್ಬಿ ಹಿಡಿಯಿತು, ಬಿಟ್ಟಿತು, ಪಕ್ಕದ್ದನ್ನು ಹಿಡಿಯಿತು. ಆಮೇಲೆ ಅವರು ಒಂದೊಂದರ ಮುಚ್ಚಳ ತೆಗೆದು ಮೂಸುತ್ತ ಹೋದರು. ಜೀರಿಗೆ ಸಿಗುವಷ್ಟರಲ್ಲಿ ಎಣ್ಣೆ ಹೊಗೆಯಾಡಿತ್ತು.