ವಿಳಾಸವನ್ನು ಯಾವ ಕಡೆಯಿಂದ ಓದಬೇಕು?

ನಾನು ವೃತ್ತಿಯಿಂದ ವೈದ್ಯ. ಕಂಪ್ಯೂಟರ್ ಬಗ್ಗೆ ಬರೆಯುವ ಅಧಿಕಾರ ನನಗಿಲ್ಲವೆಂದು ನಮ್ಮ ಮನೆಯಲ್ಲೇ ಒಮ್ಮತವಿದೆ. ಆದರೂ ಸಂಚಿಕೆಗೆ ಲೇಖನ ಕೇಳಿದಾಗ ರಕ್ತದೊತ್ತಡ, ಮಧುಮೇಹಗಳನ್ನು ಬಿಟ್ಟು ಇದನ್ನೇ ಆರಿಸಿಕೊಂಡೆ. ಏಕೆಂದರೆ ಈ ಪಾಠಕ್ಕೆ ನಾವು ಫೀಸು ಕಟ್ಟಿದ್ದೇವೆ.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎಂಬತ್ತೆರಡರ ವಯಸ್ಸಿನಲ್ಲಿ ಅದೆಂಥ ಪೆಟ್ಟು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿರದಿದ್ದರೇ ವಾಸಿಯಾಗಿತ್ತು. ನಾನು ಸಿಕ್ಕ ವಿಮಾನ ಹಿಡಿದು ಹೊರಟೆ. ಇಲ್ಲೇ ಹುಟ್ಟಿದ ಮಗನಿಗೆ ಮಾತ್ರ ಓಸಿಐ ಇರಲಿಲ್ಲ. ಮಾಡಿಸೋಣ, ಮಾಡಿಸೋಣ ಎನ್ನುತ್ತಲೇ ಇಪ್ಪತ್ತಮೂರು ವರ್ಷ ಕಳೆದಿತ್ತು. ಅವನು ಸ್ಕೋಕಿಯ ಮನೆಯಲ್ಲಿ ರಾತ್ರಿ ಕೂತು ಭಾರತದ ಇ-ವೀಸಾ ಹುಡುಕಿದ. ಮೊದಲು ಕಂಡ ತಾಣದಲ್ಲಿ ಅಶೋಕ ಸ್ತಂಭದ ಸಿಂಹಗಳಿದ್ದವು, ತಾಜ್ ಮಹಲ್ ಇತ್ತು, ಹೆಸರಿನಲ್ಲಿ ಇಂಡಿಯಾವೂ ಇತ್ತು, ವೀಸಾವೂ ಇತ್ತು. ಪಾಸ್‌ಪೋರ್ಟ್ ವಿವರ ತುಂಬಿ, ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಟ್ಟ. ಹಣ ಹೋಯಿತು, ವೀಸಾ ಬರಲಿಲ್ಲ. ಐದನೆಯ ದಿನ, ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿರುವ ನನ್ನ ತಂಗಿಯ ಮಗ ಫೋನ್ ಮಾಡಿದ: "ಮಾವ, ಆ ವಿಳಾಸದ ಕೊನೆ ನೋಡಿದ್ರಾ? ಡಾಟ್ ಕಾಮ್ ಇದೆ!"

ಕೊನೆ ಏಕೆ ನೋಡಬೇಕು? ಅವನು ಹೇಳಿಕೊಟ್ಟದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ.

ಕಂಪ್ಯೂಟರುಗಳಿಗೆ ನಿಜವಾಗಿ ಬೇಕಾದದ್ದು ಹೆಸರಲ್ಲ, ಸಂಖ್ಯೆ. ಅದೇ ಐಪಿ ವಿಳಾಸ: 0ಯಿಂದ 255ರೊಳಗಿನ ನಾಲ್ಕು ಸಂಖ್ಯೆಗಳು, ನಡುವೆ ಚುಕ್ಕೆ. ನಮ್ಮ ಷಿಕಾಗೋ ರಸ್ತೆಗಳ ಲೆಕ್ಕ ಗೊತ್ತಿದ್ದವರಿಗೆ ಇದು ಸುಲಭ. ಇಲ್ಲಿ ಮ್ಯಾಡಿಸನ್ ಬೀದಿ ಸೊನ್ನೆ. ಅಲ್ಲಿಂದ ಉತ್ತರಕ್ಕೆ ಮೈಲಿಗೆ 800. ಸ್ಕೋಕಿಯ ಡೆಂಪ್‌ಸ್ಟರ್ ರಸ್ತೆ 8800, ಅಂದರೆ ಹನ್ನೊಂದು ಮೈಲಿ. ಮನೆಯ ನಂಬರೇ ಯಾವ ಕಡೆ ಹೋಗಬೇಕೆಂದು ಹೇಳಿಬಿಡುತ್ತದೆ. ಐಪಿ ವಿಳಾಸದಲ್ಲೂ ಎಡಗಡೆಯ ಭಾಗ ಯಾವ ಜಾಲವೆಂದು ಹೇಳಿದರೆ, ಬಲಗಡೆಯದು ಆ ಜಾಲದೊಳಗಿನ ಯಾವ ಯಂತ್ರವೆಂದು ಹೇಳುತ್ತದೆ.

ಇಂಥ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಸಾಲಲಿಲ್ಲ. ಜಗತ್ತಿನ ಕೇಂದ್ರ ಉಗ್ರಾಣ 2011ರ ಫೆಬ್ರವರಿಯಲ್ಲಿ ಬರಿದಾಯಿತು, ಉತ್ತರ ಅಮೆರಿಕದ ಪಾಲು 2015ರ ಸೆಪ್ಟೆಂಬರಿನಲ್ಲಿ. ಆದ್ದರಿಂದ ಸಾಮಾನ್ಯವಾಗಿ ಒಂದು ಮನೆಗೆ ಹೊರಗಿನ ವಿಳಾಸ ಒಂದೇ. ಒಳಗಿನ ಫೋನು, ಟೀವಿಗಳಿಗೆಲ್ಲ ರೌಟರ್ 192.168 ಎಂದು ಶುರುವಾಗುವಂಥ ಒಳಸಂಖ್ಯೆ ಕೊಡುತ್ತದೆ. ಆಸ್ಪತ್ರೆಗೆ ಒಂದು ಫೋನ್ ನಂಬರು, ಒಳಗೆ ವಾರ್ಡಿಗೊಂದು ಎಕ್ಸ್‌ಟೆನ್ಷನ್ ಇದ್ದ ಹಾಗೆ. ಹೊಸ ಪದ್ಧತಿಯಾದ ಐಪಿವಿ6ರಲ್ಲಿ 340ರ ಮುಂದೆ ಮೂವತ್ತಾರು ಸೊನ್ನೆಯಷ್ಟು ವಿಳಾಸಗಳಿವೆ. ಮೊಮ್ಮಕ್ಕಳ ಕಾಲಕ್ಕೂ ಚಿಂತೆಯಿಲ್ಲ.

ಸಂಖ್ಯೆಗಳನ್ನು ಯಾರು ನೆನಪಿಡುತ್ತಾರೆ? ಅದಕ್ಕೇ ಹೆಸರುಗಳು. ಮೊದಲು ಎಲ್ಲ ಯಂತ್ರಗಳ ಹೆಸರು-ಸಂಖ್ಯೆಗಳೂ ಕ್ಯಾಲಿಫೋರ್ನಿಯಾದ ಒಂದು ಸಂಸ್ಥೆ ಕಾಪಾಡುತ್ತಿದ್ದ ಒಂದೇ ಕಡತದಲ್ಲಿದ್ದವು, ಟೆಲಿಫೋನ್ ಡೈರೆಕ್ಟರಿಯಂತೆ. (ನಮ್ಮೂರಿನ ಸೆರ್ಮ್ಯಾಕ್ ರಸ್ತೆಯಲ್ಲಿ ಡಾನೆಲಿ ಕಂಪನಿ ಡೈರೆಕ್ಟರಿಗಳನ್ನೂ ಸಿಯರ್ಸ್ ಕ್ಯಾಟಲಾಗನ್ನೂ ಅಚ್ಚುಮಾಡುತ್ತಿದ್ದ ಭಾರಿ ಕಟ್ಟಡ ಈಗ ಅಮೆರಿಕದ ಅತಿ ದೊಡ್ಡ ಡೇಟಾ ಸೆಂಟರುಗಳಲ್ಲೊಂದು!) ಕಡತ ಬೆಳೆದು ನಿಭಾಯಿಸಲಾಗದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಡಿಎನ್‌ಎಸ್ ಎಂಬ ವ್ಯವಸ್ಥೆ ರೂಪಿಸಿದರು.

ವೈದ್ಯರಿಗೆ ಇದು ಚಿರಪರಿಚಿತ: ರೆಫರಲ್. ಭಾರತ ಸರಕಾರದ ನಿಜವಾದ ಇ-ವೀಸಾ ತಾಣ 'ಇಂಡಿಯನ್‌ವೀಸಾಆನ್‌ಲೈನ್ ಡಾಟ್ ಗವ್ ಡಾಟ್ ಇನ್'. ಇದನ್ನು ಬರೆದೊಡನೆ ನಿಮ್ಮ ಇಂಟರ್ನೆಟ್ ಕಂಪನಿಯ ಯಂತ್ರ, ಫ್ಯಾಮಿಲಿ ಡಾಕ್ಟರಂತೆ, ಮೊದಲು ಬೇರಿನ ಸರ್ವರನ್ನು ಕೇಳುತ್ತದೆ. ಬೇರಿನ ಸರ್ವರುಗಳಿಗೆ ಹದಿಮೂರು ಹೆಸರು, ಜಗತ್ತಿನಾದ್ಯಂತ ಸಾವಿರಕ್ಕೂ ಹೆಚ್ಚು ಪ್ರತಿಗಳು. "ನನಗೆ ತಿಳಿಯದು, 'ಇನ್' ನೋಡಿಕೊಳ್ಳುವವರನ್ನು ಕೇಳಿ" ಎನ್ನುತ್ತದೆ ಅದು. ಅವರು "'ಗವ್ ಡಾಟ್ ಇನ್' ಅವರನ್ನು ಕೇಳಿ" ಎನ್ನುತ್ತಾರೆ. ಸಂಖ್ಯೆ ಸಿಗುವುದು ಅದಾದ ಮೇಲೆ. ಗಮನಿಸಿ, ಯಂತ್ರ ಓದಿದ್ದು ಬಲದಿಂದ ಎಡಕ್ಕೆ. ನಮ್ಮ ಅಂಚೆಯವರೂ ಕಾಗದ ವಿಂಗಡಿಸುವಾಗ ಮೊದಲು ನೋಡುವುದು ಕೊನೆಯ ಸಾಲಿನ ಪಿನ್‌ಕೋಡ್, ಮನೆ ಹೆಸರಲ್ಲ.

ಮೋಸದ ಗುಟ್ಟು ಇಲ್ಲೇ ಇದೆ. ಡಾಟ್ ಕಾಮ್‌ನಲ್ಲಿ ಯಾರು ಬೇಕಾದರೂ ಒಂದು ಹೆಸರು ಕೊಳ್ಳಬಹುದು. ಕೊಂಡಮೇಲೆ ಅದರ ಎಡಕ್ಕೆ 'ಇಂಡಿಯಾ', 'ವೀಸಾ', ಅಷ್ಟೇಕೆ 'ಗವ್' ಎಂದೂ ಅಂಟಿಸಿಕೊಳ್ಳಬಹುದು. ಎಡದ ಮಾತೆಲ್ಲ ಮಾಲೀಕನ ಇಷ್ಟ. ಬಲದ ತುದಿಯನ್ನು ಮಾತ್ರ ಅವನು ಬದಲಿಸಲಾರ. 'ಗವ್ ಡಾಟ್ ಇನ್' ಭಾರತದ ಸರಕಾರಿ ಸಂಸ್ಥೆಗಳಿಗೆ ಮೀಸಲು, ಬರೀ 'ಗವ್' ಎಂದು ಮುಗಿಯುವುದು ಅಮೆರಿಕದ ಸರಕಾರಗಳಿಗೆ. ಆದ್ದರಿಂದ ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ಹೆಸರಾದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಬೀಗದ ಚಿತ್ರ ನಂಬಿ ನನ್ನ ಮಗ ಕೆಟ್ಟ. ಬೀಗ ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೆ. ಆ ತುದಿಯಲ್ಲಿ ಕುಳಿತವನೇ ಕಳ್ಳನಾದರೆ ಬೀಗ ಏನು ಮಾಡೀತು?

ಊರಿನಲ್ಲಿ ಎನ್‌ಆರ್‌ಇ ಖಾತೆ ಇಟ್ಟಿರುವ ನಮ್ಮಂಥವರಿಗೆ ಇನ್ನೊಂದು ಸುದ್ದಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ಹೆಸರಿಗೆ ಬದಲಾಗಬೇಕಿತ್ತು. ಆ ಬಾಲ ಬ್ಯಾಂಕುಗಳಿಗಷ್ಟೇ ಸಿಗುತ್ತದೆ. ನಿಮ್ಮ ಹಳೆಯ ಬುಕ್‌ಮಾರ್ಕುಗಳನ್ನು ಒಮ್ಮೆ ನೋಡಿಕೊಳ್ಳಿ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಎಂಬ ಬಾಲವೂ ಈಗ ಇದೆ, ಬಳಸುವವರು ಹೆಚ್ಚಲಿ.

ನಮ್ಮ ಕಥೆಗೆ ಬರೋಣ. ಮಗ ಕಾರ್ಡ್ ರದ್ದುಮಾಡಿಸಿ, ಸರಿಯಾದ ತಾಣದಲ್ಲಿ ಮತ್ತೆ ಅರ್ಜಿ ಹಾಕಿ, ಟಿಕೆಟ್ ಮುಂದೂಡಿ ಮೈಸೂರು ತಲುಪಿದಾಗ ಅಮ್ಮನಿಗೆ ಶಸ್ತ್ರಚಿಕಿತ್ಸೆಯಾಗಿ ಹನ್ನೊಂದು ದಿನವಾಗಿತ್ತು. ಅಜ್ಜಿಯನ್ನು ನೋಡುತ್ತೇನೋ ಇಲ್ಲವೋ ಎಂದು ಅವನು ದಾರಿಯುದ್ದಕ್ಕೂ ಒದ್ದಾಡಿದ್ದನಂತೆ. ಅಮ್ಮ ವಾಕರ್ ಹಿಡಿದು ಹಜಾರದ ಬಾಗಿಲಲ್ಲಿ ನಿಂತಿದ್ದರು.

"ಯಾಕೋ ಪುಟ್ಟಾ ಇಷ್ಟು ತಡ? ಮನೆ ಗುರುತು ಸಿಗಲಿಲ್ವಾ?"