ಡ್ಯಾಮಿನ ಗೇಟಿಗೆ ಕಟ್ಟಿದ ಏಕಾಂತ

ಹೊಸಪೇಟೆಯಿಂದ ತುಂಗಭದ್ರಾ ಡ್ಯಾಂ ದಾಟಿ ಮುನಿರಾಬಾದ್, ಹುಲಿಗಿ, ಶಿವಪುರ ಹಾದು ಹೊರಟರೆ ಒಂದು ಬದಿ ಭತ್ತದ ಗದ್ದೆ, ಇನ್ನೊಂದು ಬದಿ ಗುಂಡುಗಲ್ಲಿನ ಗುಡ್ಡ. ಗುಡ್ಡಗಳು ಒತ್ತೊತ್ತಾಗಿ ಬಂದು ಇನ್ನೇನು ದಾರಿ ಮುಗಿಯಿತು ಅನ್ನುವಲ್ಲಿ ತಟ್ಟನೆ ನೀರು ಕಾಣುತ್ತದೆ. ಅದು ಸಾಣಾಪುರ ಕೆರೆ. ಇದರ ಆಸುಪಾಸಿನ ಗದ್ದೆಯ ಬದುಗಳಲ್ಲಿ, ಬಂಡೆಯ ಮರೆಯಲ್ಲಿ ಈಗ ಗುಡಿಸಲುಗಳು ಎದ್ದಿವೆ. ಮಣ್ಣು ಮೆತ್ತಿದ ಗೋಡೆ, ಹುಲ್ಲಿನ ಚಾವಣಿ, ಸೊಳ್ಳೆಪರದೆ ಕಟ್ಟಿದ ಮಂಚ, ಮುಂದೆ ಒಂದು ಜೋಲಿ. ಬೆಂಗಳೂರು, ಹೈದರಾಬಾದಿನಿಂದ ವಾರಾಂತ್ಯಕ್ಕೆ ಬಂದವರು ಕಾಡಿನ ನಡುವಿನ ಕೆರೆ ಎಂದೇ ಫೋಟೊ ಹಾಕುತ್ತಾರೆ. ಇಲ್ಲಿ ಅಂಥ ಕಾಡಿಲ್ಲ. ಕೆರೆಯೂ ತಾನಾಗಿ ಹುಟ್ಟಿದ್ದಲ್ಲ. ಆದರೆ ನಿಜ ಸಂಗತಿ ಫೋಟೊಕ್ಕಿಂತ ಸ್ವಾರಸ್ಯವಾಗಿದೆ.

ಸಾಣಾಪುರ ಕೆರೆ ತುಂಗಭದ್ರಾ ಎಡದಂಡೆ ಕಾಲುವೆಯ ಹಾದಿಯಲ್ಲಿರುವ ಸಮತೋಲನ ಜಲಾಶಯ. ಕಾಲುವೆಯ ನೀರು ಬಂದು, ಒಂದಿಷ್ಟು ಹೊತ್ತು ನಿಂತು ಮುಂದೆ ಹೋಗುವ ಜಾಗ. ಈ ಕಾಲುವೆ ಒಟ್ಟು 227 ಕಿ.ಮೀ. ಹರಿದು ಗಂಗಾವತಿ, ಸಿಂಧನೂರು ದಾಟಿ ರಾಯಚೂರಿನ ಕಡೆ ಸಾಗುತ್ತದೆ. ಅಣೆಕಟ್ಟೆಗೆ 1945ರಲ್ಲಿ ಅಡಿಗಲ್ಲು ಹಾಕಿದಾಗ ಹೊಳೆಯ ಈ ದಂಡೆ ನಿಜಾಮರ ಹೈದರಾಬಾದು, ಆ ದಂಡೆ ಮದ್ರಾಸು ಪ್ರಾಂತ್ಯ. ಎರಡು ಸರ್ಕಾರ, ಒಂದೇ ಹೊಳೆ. 133 ಟಿಎಂಸಿ ಅಡಿ ಹಿಡಿಯಲೆಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105 ಟಿಎಂಸಿ ಅಡಿ ಜಾಗ.

ಹಾಗಾಗಿ ಗುಡಿಸಲ ಮುಂದೆ ಕೂತು ನಾವು ನೋಡುವ ನೀರಿಗೆ ಒಂದು ಕಾರ್ಯಾಲಯವಿದೆ, ಒಂದು ವೇಳಾಪಟ್ಟಿಯಿದೆ. ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ತೀರ್ಮಾನಿಸಿದರೆ ಕಾಲುವೆ ಮೈತುಂಬುತ್ತದೆ, ಕೆರೆಯೂ ತುಂಬುತ್ತದೆ. ಬಂದ್ ಮಾಡಿದರೆ ದಂಡೆಯ ಕಲ್ಲುಗಳ ಮೇಲೆ ನೀರು ಇಳಿದ ಗೆರೆಗಳು ಏಳುತ್ತವೆ. ಪ್ರವಾಸಿಗರು ನಿಸರ್ಗ ಅನ್ನುವುದನ್ನು ಇಲ್ಲಿನ ರೈತರು "ನೀರು ಬಿಟ್ಟಾರ" ಅನ್ನುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಳಚಿ ಕೊಚ್ಚಿಹೋದಾಗ ಈ ಭಾಗದ ಮಂದಿಗೆ ನಿದ್ದೆ ಬಂದಿರಲಿಲ್ಲ. ಮುಂದಿನ ವರ್ಷ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಿದರು. ಗೇಟು ಬದಲಿಸಲೆಂದು ಎರಡನೇ ಬೆಳೆಗೆ ನೀರೂ ಇಲ್ಲವೆಂದಾಯಿತು. ಜೋಲಿಯಲ್ಲಿ ಮಲಗಿದವನ ನೆಮ್ಮದಿಯೂ ಆ ಸರಪಳಿಗೇ ನೇತುಬಿದ್ದಿದೆ.

ಇದು ಇವತ್ತಿನ ಕತೆ ಮಾತ್ರವಲ್ಲ. ಈ ಸೀಮೆಯಲ್ಲಿ ನಿಂತ ನೀರೆಲ್ಲ ಯಾರೋ ನಿಲ್ಲಿಸಿದ್ದೇ. ಕಮಲಾಪುರದ ಕೆರೆಗೆ ನೀರುಣಿಸುವುದು ವಿಜಯನಗರ ಕಾಲದ ರಾಯ ಕಾಲುವೆ. ಹಂಪಿಯ ಬಾಳೆತೋಟಗಳನ್ನು ತುರ್ತು ಕಾಲುವೆ ಇಂದಿಗೂ ಸಾಕುತ್ತಿದೆ. 1520ರ ಹೊತ್ತಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಕೆರೆ ಕಟ್ಟಿಸುವುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದಿಪ್ಪತ್ತು ಸಾವಿರ ಆಳು ಕಾಲಡಿಯ ನೆಲವೇ ಕಾಣದಂತೆ ದುಡಿಯುತ್ತಿದ್ದರಂತೆ. ಏರಿ ಮತ್ತೆ ಮತ್ತೆ ಒಡೆದಾಗ ನರಬಲಿ ಕೊಟ್ಟರೆಂದೂ ಅವನೇ ಬರೆದ. ಆ ಕೆರೆಯೇ ಹೊಸಪೇಟೆ ಪಕ್ಕದ ರಾಯರ ಕೆರೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಈಗ ಅದರ ಅಂಗಳದಲ್ಲಿ ಹೊಲಗಳಿವೆ. ಅಷ್ಟು ಜೀವ ತೆತ್ತು ನಿಲ್ಲಿಸಿದ ನೀರು ಕೊನೆಗೂ ನಿಲ್ಲಲಿಲ್ಲ.

ನೀರು ಮನುಷ್ಯರದ್ದಾದರೆ, ಅಡವಿ ಬಂಡೆಗಳದ್ದು. ಇವು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಹಗಲಿಡೀ ಬಿಸಿಲು ಕುಡಿದು ರಾತ್ರಿ ಮೆಲ್ಲಗೆ ಉಗುಳುತ್ತವೆ. ಏಪ್ರಿಲ್‌ನಲ್ಲಿ ಹುಲ್ಲಿನ ಚಾವಣಿಯ ಕೆಳಗೆ ಮಲಗಿದವರಿಗೆ ನಡುರಾತ್ರಿಯೂ ಗೋಡೆ ಬೆಚ್ಚಗೇ ತಾಗುತ್ತದೆ. ಕತ್ತಲಾದ ಮೇಲೆ ಗುಡ್ಡದ ಸಂದಿಯಿಂದ ಕೊಂಬಿನ ಗೂಬೆ ಕೂಗುತ್ತದೆ. ಈ ಕಲ್ಲುಗಳ ಮಧ್ಯೆಯೇ ಚಿರತೆ, ಕರಡಿ, ಮುಳ್ಳುಹಂದಿಗಳ ಸಂಸಾರ. ಹೊಳೆಯಾಚೆ, ಹಂಪಿಯಿಂದ ಹದಿನೈದು ಕಿ.ಮೀ. ಅಂತರದಲ್ಲಿ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಅಲ್ಲಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿಡುತ್ತಾರೆ, ಸಂಜೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ನೆಕ್ಕಲು ಬರುತ್ತವೆ, ನಾವು ವೀಕ್ಷಣಾ ಗೋಪುರದಿಂದ ದುರ್ಬೀನಿನಲ್ಲಿ ನೋಡುತ್ತೇವೆ. ನೀರಿನಂತೆ ಕರಡಿಗೂ ವೇಳಾಪಟ್ಟಿ! ಅದನ್ನು ಕಂಡು ಮೂಗು ಮುರಿಯುವ ಪ್ರಾಣಿಪ್ರಿಯರಿದ್ದಾರೆ. ನನಗೆ ಆ ಬೆಲ್ಲಕ್ಕಿಂತ, ಕರಡಿಯ ಕಾಲ್ದಾರಿಗೆ ಅಡ್ಡ ಏಳುವ ಬೇಲಿಗಳೇ ಹೆಚ್ಚು ಚಿಂತೆ.

ಹೊಳೆಯಲ್ಲಿ ನೀರುನಾಯಿಗಳಿವೆ. ಡ್ಯಾಂ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸಾರಿದರು. ಮೊಸಳೆಗಳೂ ಇವೆ. ಈಜಬೇಡಿ ಎಂಬ ಫಲಕದ ಮುಂದೆಯೇ ಅಂಗಿ ಕಳಚುವವರು ಇದನ್ನು ಕಟ್ಟುಕತೆ ಎಂದುಕೊಳ್ಳುತ್ತಾರೆ. ಮೊಸಳೆಗಿಂತ ಸೆಳವೇ ಅಪಾಯ. 2025ರ ಫೆಬ್ರುವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಸಾಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಜಿಗಿದವರು ಜೀವಂತ ಮೇಲೆ ಬರಲಿಲ್ಲ. ನೀರಿಗೆ ಇಳಿಯಲೇಬೇಕೆಂದರೆ ಹರಿಗೋಲು ಇದೆ. ಪಾಯಸ್ ನೋಡಿದಾಗಲೂ ಆನೆಗೊಂದಿಯ ಹೊಳೆಯನ್ನು ಜನ ದಾಟುತ್ತಿದ್ದುದು ಚರ್ಮ ಹೊದಿಸಿದ ಬುಟ್ಟಿಯಂಥ ದುಂಡು ದೋಣಿಗಳಲ್ಲೇ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ಕು, ಡಾಂಬರು ಬಂದಿವೆ.

ಈ ಗುಡಿಸಲುಗಳು ಇಲ್ಲಿಗೆ ಬಂದದ್ದಕ್ಕೂ ಒಂದು ಹಿನ್ನೆಲೆಯಿದೆ. ಹಂಪಿ ಎದುರಿನ ವಿರುಪಾಪುರ ಗಡ್ಡೆ ಬಹುಕಾಲ ವಿದೇಶಿ ಅಲೆಮಾರಿಗಳ ತವರಾಗಿತ್ತು. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯ ಸಂರಕ್ಷಿತ ವಲಯದಲ್ಲಿ ಅಲ್ಲಿನ ಕಟ್ಟಡಗಳು ಅಕ್ರಮವೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ಗಡ್ಡೆ ಬರಿದಾದ ಮೇಲೆ ಹಾಸಿಗೆ, ಜೋಲಿ, ಮೆನು ಸಮೇತ ದಂಧೆ ಸಾಣಾಪುರ, ಆನೆಗೊಂದಿಯ ಕಡೆ ಸರಿಯಿತು. ಗದ್ದೆಯ ಒಡೆಯನಿಗೆ ಭತ್ತಕ್ಕಿಂತ ಬಾಡಿಗೆ ಲೇಸೆನಿಸಿದರೆ ಅವನನ್ನು ದೂರಲು ನನಗಂತೂ ಬಾಯಿಲ್ಲ. ಆದರೆ ಪರವಾನಗಿ, ದೀಪ, ಕಾವಲು ಯಾವುದೂ ಅದೇ ವೇಗದಲ್ಲಿ ಸರಿದು ಬರಲಿಲ್ಲ. 2025ರ ಮಾರ್ಚ್ 6ರ ರಾತ್ರಿ ಕಾಲುವೆಯ ದಂಡೆಯಲ್ಲಿ ನಕ್ಷತ್ರ ನೋಡುತ್ತ ಕೂತಿದ್ದವರ ಮೇಲೆ ದಾಳಿಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಿಸಿಕೊಂಡ ಮೂವರಲ್ಲಿ ಒಬ್ಬ ಪ್ರಾಣ ಕಳೆದುಕೊಂಡ. ನಿರ್ಜನ ಜಾಗವನ್ನು ಮಾರುವವರೂ ಕೊಳ್ಳುವವರೂ ಅಲ್ಲಿಯವರೆಗೆ ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಗಳೆಲ್ಲ ಆಮೇಲೆ ಒಟ್ಟಿಗೇ ಬಂದವು.

ಹೊಳೆಯಾಚೆಗೆ ಬೇರೆ ದಾರಿಗಳಿವೆ. ಕಮಲಾಪುರದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುವ ವಸತಿಯಿದೆ. ಗುಡಿಸಲಿನ ಅಗ್ಗವಿಲ್ಲ, ಕರಡಿಧಾಮದ ಸಫಾರಿಯ ಅನುಕೂಲವಿದೆ. ಸಂಡೂರಿನ ನಾರಿಹಳ್ಳ ಜಲಾಶಯದ ಬಳಿಯ ಕಣಿವೆ ಮಳೆಗಾಲದಲ್ಲಿ ಸಾಣಾಪುರಕ್ಕಿಂತ ಹಸಿರು. ಅಲ್ಲಿಂದ ರಾಮನದುರ್ಗದ ಬೆಟ್ಟಕ್ಕೂ ಹೋಗಿಬರಬಹುದು. ಬಳ್ಳಾರಿಯ ಬಿಸಿಲಿಗೆ ಬೇಯುತ್ತಿದ್ದ ಬ್ರಿಟಿಷ್ ಸಿಪಾಯಿಗಳಿಗೆಂದು 1840ರ ದಶಕದಲ್ಲಿ ಅಲ್ಲಿ ಆರೋಗ್ಯಧಾಮ ಮಾಡಿದ್ದರು.

ಸಾಣಾಪುರಕ್ಕೇ ಹೋಗುವುದಾದರೆ ಮುಂಗಾರಿನ ನೀರು ಬಿಟ್ಟ ಮೇಲೆ, ಚಳಿ ಮುಗಿಯುವುದರೊಳಗೆ ಹೋಗಿ. ಫೋನಿನಲ್ಲಿ ಕೋಣೆ ಹಿಡಿಯುವಾಗಲೇ ಕಾಲುವೆ ಹರಿಯುತ್ತಿದೆಯೇ, ಪರವಾನಗಿ ಇದೆಯೇ, ರಾತ್ರಿ ಅಲ್ಲಿ ಯಾರಿರುತ್ತಾರೆ ಎಂದು ಕೇಳಿ. ಪಿಜ್ಜಾ, ಹಮ್ಮಸ್ ಗುಡಿಸಲ ಬಾಗಿಲಿಗೇ ಬರುತ್ತವೆ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಬೇಕೆಂದರೆ ಮಾತ್ರ ಆನೆಗೊಂದಿಯ ಕಡೆ ಗಾಡಿ ತಿರುಗಿಸಬೇಕು.